ಕಾಶವ್ವನ ಕಣಜ

ಸೂಜಿಗೆ ಚುಚ್ಚಿಟ್ಟ ಕಣಜದ ಹುಳುವಿನ ಒಣಗಿದ ಕಾಲೊಂದನ್ನು ಒಳಗೆಳೆದುಕೊಂಡ ವಂಶಶೋಧಕ ಯಂತ್ರ ಎರಡು ನಿಮಿಷ ಗುಂಯ್‌ಗುಟ್ಟಿ ಪರದೆಯ ಮೇಲೆ ತೀರ್ಪು ಬರೆಯಿತು: ‘ಪ್ರತ್ಯೇಕ ಪ್ರಭೇದ. ಕಾಶವ್ವನ ಹೆಸರು ಊರ್ಜಿತ.’

“ಅವ್ವಾ, ಗೆದ್ದಿವಿ!” ಡಾಕ್ಟರ್ ನೀಲಾಂಬಿಕಾ ಕುರ್ಚಿಯಿಂದ ಜಿಗಿದೆದ್ದಳು. ಧಾರವಾಡದ ಆ ಕೀಟ ಸಂಗ್ರಹಾಲಯದಲ್ಲಿ ಅವಳು ನಕ್ಕದ್ದನ್ನೇ ಯಾರೂ ಕಂಡಿರಲಿಲ್ಲ, ಇನ್ನು ಕುಣಿದದ್ದನ್ನು ಕೇಳಬೇಕೆ!

ಮೂವತ್ತು ವರ್ಷದ ಹಿಂದಿನ ಗಾಯ ಅದು. ಮಣ್ಣಿನಲ್ಲಿ ಪುಟ್ಟ ಗಡಿಗೆಯಂಥ ಗೂಡು ಕಟ್ಟುವ ಕುಂಬಾರ ಕಣಜಗಳಲ್ಲಿ ಹೊಸದೊಂದು ಹೆಣ್ಣನ್ನು ಹುಡುಕಿ, ಗಡಿಗೆ ಮಾಡಿಯೇ ತನ್ನನ್ನು ಓದಿಸಿದ ತಾಯಿ ಕಾಶವ್ವನ ಹೆಸರಿಟ್ಟಿದ್ದಳು. ಪ್ರೊಫೆಸರ್ ರಂಗಧಾಮ ಒಂದೇ ಸಾಲಿನಲ್ಲಿ ಅದನ್ನು ಹೊಡೆದುಹಾಕಿದ: ‘ಇದು ಹಳೆಯ ಪ್ರಭೇದವೇ. ಈ ಹೆಸರು ಬರೀ ಸಮನಾಮ.’ ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳು. ಅದೇ ವರ್ಷ ಆ ಮಹಾಶಯ ತಾನು ಹಿಡಿದ ಗಂಡು ಕಣಜವೊಂದಕ್ಕೆ ತನ್ನ ನಾಯಿ ಮೋತಿಯ ಹೆಸರಿಟ್ಟಿದ್ದ. ಅದು ಮಾತ್ರ ಉಳಿಯಿತು. ಎಂಥ ಧಿಮಾಕು!

ಒಂದೇ ಪ್ರಭೇದಕ್ಕೆ ಎರಡು ಹೆಸರು ಬಿದ್ದರೆ ಮೊದಲು ಅಚ್ಚಾದದ್ದು ಉಳಿಯುತ್ತದೆ, ಇನ್ನೊಂದು ಸಮನಾಮವಾಗಿ ಮುಳುಗುತ್ತದೆ. ಮೊದಲೆಲ್ಲ ಇದಕ್ಕಾಗಿ ವರ್ಷಗಟ್ಟಲೆ ಜಗಳ ನಡೆಯುತ್ತಿತ್ತು. ಈಗ ವಂಶಶೋಧಕ ಕಾಲಿನ ಆನುವಂಶಿಕ ಬರಹವನ್ನು ಓದಿ, ಹಳೆಯ ಪ್ರಬಂಧಗಳನ್ನೆಲ್ಲ ಜಾಲಾಡಿ ಹೇಳಿದ್ದೇ ಕೊನೆಯ ಮಾತು. ಅರೆಗಳಿಗೆಯಲ್ಲಿ ಅದು ಜಗತ್ತಿನ ಎಲ್ಲ ಸಂಗ್ರಹಾಲಯಗಳನ್ನೂ ಮುಟ್ಟುತ್ತದೆ. ಮೇಲ್ಮನವಿ ಇಲ್ಲ.

“ಆತಲ್ಲ, ನಡಿ ಉಣ್ಣೂಣು. ರೊಟ್ಟಿ ಆರತಾವು,” ಎಂದಳು ಸ್ಟೂಲಿನ ಮೇಲೆ ಗಂಟು ಹಿಡಿದು ಕೂತಿದ್ದ ಕಾಶವ್ವ.

“ತಡಿ ಅವ್ವಾ. ಅವನ ನಾಯೀನ್ನ ಮುಳುಗಿಸೇ ಉಣ್ತೀನಿ. ನಾಳಿ ಮುಂಜಾನೆ ಓದಿ ಹೊಟ್ಟಿ ಉರ್ಕೊಳ್ಲಿ ಮುದುಕ.”

“ಆ ನಾಯಿ ನಿನಗೇನ ಮಾಡಿತ್ತವ್ವಾ?”

ನೀಲಾಂಬಿಕಾ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷ ಮುಟ್ಟಲೂ ಹೇಸಿದ್ದ ಪೆಟ್ಟಿಗೆ ತೆರೆದು, ಮೋತಿ ಕಣಜದ ಕಾಲು ಕಿತ್ತು ಯಂತ್ರಕ್ಕಿಟ್ಟಳು.

‘ಮೋತಿಯ ಗಂಡು, ಕಾಶವ್ವನ ಹೆಣ್ಣು: ಎರಡೂ ಒಂದೇ ಪ್ರಭೇದ.’

“ಮುಳುಗ್ತು!” ಎಂದು ಚಪ್ಪಾಳೆ ತಟ್ಟಿದಳು. ಆಮೇಲೆ ಎರಡನೆಯ ಸಾಲು ಮೂಡಿತು. ‘ಮೋತಿಯ ಹೆಸರು ಹತ್ತೊಂಬತ್ತು ದಿನ ಮೊದಲು ಅಚ್ಚಾಗಿದೆ. ಕಾಶವ್ವ ಸಮನಾಮ.’

ಈ ಕಣಜಗಳಲ್ಲಿ ಗಂಡಿನ ಬಣ್ಣವೇ ಬೇರೆ, ಹೆಣ್ಣಿನ ಬಣ್ಣವೇ ಬೇರೆ. ಗಂಡು ಹೆಣ್ಣನ್ನು ಜೊತೆಗಿಟ್ಟು ನೋಡದೆ ಹೆಸರಿಡಬೇಡಿ ಎಂದು ವಿದ್ಯಾರ್ಥಿಗಳನ್ನು ನೂರು ಸಲ ಬೈದವಳು ಅವಳೇ. ಸಿಟ್ಟಿನ ಭರದಲ್ಲಿ ಆ ಎರಡು ಪೆಟ್ಟಿಗೆಗಳನ್ನು ಒಮ್ಮೆಯೂ ಅಕ್ಕಪಕ್ಕ ಇಟ್ಟಿರಲಿಲ್ಲ. ಮೋತಿಯ ಕಾಲು ಅದುವರೆಗೆ ಯಂತ್ರಕ್ಕೆ ಬಿದ್ದಿರಲಿಲ್ಲವಾದ್ದರಿಂದ ಅದರ ಮೊದಲ ತೀರ್ಪಿಗೂ ಇದು ತಿಳಿದಿರಲಿಲ್ಲ.

ಸಂಗ್ರಹಾಲಯದ ರೂಢಿಯಂತೆ ಹಳೆಯ ಚೀಟಿಯನ್ನು ಯಾರೂ ತೆಗೆಯುವುದಿಲ್ಲ. ಸರಿಯಾದ ಹೆಸರನ್ನು ಕಂಡುಹಿಡಿದವರು ಅದನ್ನು ಸ್ವಂತ ಕೈಯಿಂದ ಬರೆದು, ಸಹಿ ಮಾಡಿ, ಅದೇ ಸೂಜಿಗೆ ಚುಚ್ಚಬೇಕು. ನೀಲಾಂಬಿಕಾ ಕಾಶವ್ವನ ಚೀಟಿಯ ಕೆಳಗೆ ಚುಚ್ಚಲು ಹೊಸದೊಂದು ಚೀಟಿ ತೆಗೆದುಕೊಂಡು ಮೋತಿಯ ಹೆಸರು ಬರೆಯತೊಡಗಿದಳು. ಎರಡು ಚೀಟಿಗಳನ್ನು ಅರ್ಧ ಬರೆದು ಹರಿದುಹಾಕಿದಳು.

ಕಾಶವ್ವ ಎದ್ದು ಬಂದು ಪಕ್ಕದಲ್ಲಿ ನಿಂತಳು.

“ನಾ ಕರದಾಗ ಉಣ್ಣಾಕ ಎದ್ದಿದ್ರ?”

“ನಿನ್ನ ಹೆಸರ ಇರ್ತಿತ್ತವ್ವಾ.”

ಕಾಶವ್ವ ಬಗ್ಗಿ ಆ ಹುಳುವನ್ನು ನೋಡಿದಳು.

“ಲಗೂನ ಬರದು ಬಾ,” ಎಂದಳು. “ರೊಟ್ಟಿ ಆರಿಹೋದ್ವು.”