ಜೂನ್ ಎರಡರ ಮೊಹರು

2022ರ ಜೂನ್ 21, ಮಂಗಳವಾರ ಬೆಳಿಗ್ಗೆ 9.15ಕ್ಕೆ ಡೋರೀನ್ ಹ್ಯಾಸೆಲ್ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಪೊಲೀಸ್ ಠಾಣೆಗೆ ಬಂದರು. ವಯಸ್ಸು ಎಪ್ಪತ್ಮೂರು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವರು.

ಅವರ ಫ್ಲ್ಯಾಟು ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ಪಾರ್ಶ್ವವಾಯು ಬಡಿದ ಗಂಡ ಲೆನ್ ಹದಿನಾಲ್ಕು ತಿಂಗಳಿಂದ ಕೆಳಗಿಳಿದಿರಲಿಲ್ಲ. ಫ್ಲ್ಯಾಟನ್ನು ಮಾರಿ ನೆಲಮಹಡಿಗೆ ಹೋಗಬೇಕು. ಆದರೆ ಫ್ಲ್ಯಾಟು ತೊಂಬತ್ತೊಂಬತ್ತು ವರ್ಷದ ಗುತ್ತಿಗೆಯದು. ಕಟ್ಟಡ ಸ್ಟ್ರಡ್‌ವಿಕ್ ಎಂಬುವನದು. ಅವಧಿ ಹೆಚ್ಚಿಸದಿದ್ದರೆ ಕೊಳ್ಳುವವರಿಗೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಅವಧಿ ಹೆಚ್ಚಿಸಿ ಎಂಬ ನೋಟಿಸು ಜೂನ್ ಒಂದರೊಳಗೆ ಮಾಲೀಕನಿಗೆ ತಲುಪಬೇಕು; ಅದು ದಾಟಿದರೆ ಉಳಿಯುವುದು ಎಂಬತ್ತು ವರ್ಷಕ್ಕಿಂತ ಕಡಿಮೆ. ಎಂಬತ್ತರ ಕೆಳಗಿಳಿದರೆ ಮಾಲೀಕನಿಗೆ ಹೆಚ್ಚುವರಿ ಪಾಲು ಕೊಡಬೇಕೆಂದು ಕಾನೂನು. ಅವಧಿ ಹೆಚ್ಚಿಸುವ ವೆಚ್ಚ ಒಂಬತ್ತು ಸಾವಿರ ಪೌಂಡಿನಿಂದ ಹದಿನೈದು ಸಾವಿರವಾಗುತ್ತದೆ. ಅಷ್ಟು ಅವರಲ್ಲಿರಲಿಲ್ಲ.

"ಮೇ ಮೂವತ್ತು, ಸೋಮವಾರ, ನಾನೇ ಮಾಲೀಕನ ಕಚೇರಿಗೆ ಹೋಗಿ ನೋಟಿಸು ಕೊಟ್ಟು ಬಂದೆ. ಜೂನ್ ಎರಡಕ್ಕೆ ಬಂತು ಅಂತ ಮೊಹರು ಹೊಡೆದು ಪ್ರತಿ ಕಳಿಸಿದಾರೆ."

"ಇದು ಸಿವಿಲ್ ವಿಷಯ ಅಜ್ಜಿ. ವಕೀಲರನ್ನ ನೋಡಿ," ಎಂದ ಮುಂದಿನ ಮೇಜಿನ ಪೊಲೀಸ.

"ನಿನ್ನ ಅಜ್ಜಿ ಆಗಿದ್ರೆ ಕಿವಿ ಹಿಂಡ್ತಿದ್ದೆ. ಸುಳ್ಳು ತಾರೀಕು ಹಾಕಿ ದುಡ್ಡು ಕಿತ್ಕೊಳ್ಳೋದು ಕಳ್ಳತನ ಅಲ್ವೇನೋ?"

ಹಿಂದೆ ನಿಂತು ಕೇಳಿಸಿಕೊಂಡ ಇನ್‌ಸ್ಪೆಕ್ಟರ್ ಹೆಲೆನ್ ಟ್ರೆಂಚರ್ಡ್ ಅವರನ್ನು ಒಳಗೆ ಕರೆದಳು. ವಂಚನೆ, ದಾಖಲೆ ತಿದ್ದಿದ ಆರೋಪದಡಿ ದೂರು ದಾಖಲಾಯಿತು.

11.40ಕ್ಕೆ ಹೆಲೆನ್, ಕಾನ್‌ಸ್ಟೇಬಲ್ ನದೀಮ್ ಮಾಲೀಕನ ಕಚೇರಿಗೆ ಹೋದರು. ಮ್ಯಾನೇಜರ್ ಕ್ಲೈವ್ ಪಾರ್‌ಫಿಟ್‌ನ ಮುಖ ಬಿಸಿಲಿಗೆ ಕೆಂಪಾಗಿತ್ತು. ಬಂದ ಕಾಗದಗಳನ್ನು ದಾಖಲಿಸುವ ಆವಕ ಪುಸ್ತಕವನ್ನು ಅವನೇ ತೆರೆದು ತೋರಿಸಿದ. ಮೇ 30: ರಜೆ, ಕಚೇರಿ ಮುಚ್ಚಿದೆ. ಜೂನ್ 2: ನೋಟಿಸು, ಕೌಂಟರಿನಲ್ಲಿ ಸ್ವೀಕೃತ, 11.20.

"ಸೋಮವಾರ ಕೊಟ್ಟೆ ಅಂತಾರೆ ಆಕೆ," ಎಂದಳು ಹೆಲೆನ್.

"ವಯಸ್ಸಾಗಿದೆ, ದಿನ ಮರ್ತಿರ್ತಾರೆ ಪಾಪ. ಮೇ ಕೊನೇ ಸೋಮವಾರ ದೇಶಕ್ಕೆಲ್ಲ ರಜೆ. ಬಾಗಿಲೇ ತೆಗೆದಿರ್ಲಿಲ್ಲ."

"ಪ್ರತಿ ವರ್ಷ?"

"ನಾನು ಶಾಲೆಗೆ ಹೋಗೋ ಕಾಲದಿಂದ್ಲೂ."

"ಆ ವಾರ ನೀವೆಲ್ಲಿದ್ರಿ ಸಾರ್?" ನದೀಮ್ ಕೇಳಿದ.

"ರಜೆಗೆ ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ. ಯಾಕೆ?"

"ಅದಕ್ಕೇ ಗೊತ್ತಿಲ್ಲ ನಿಮ್ಗೆ. ಈ ಸಲ ರಾಣಿ ಪಟ್ಟಕ್ಕೆ ಬಂದು ಎಪ್ಪತ್ತು ವರ್ಷದ ಸಂಭ್ರಮ ಅಂತ ಸೋಮವಾರದ ರಜೇನ ಗುರುವಾರಕ್ಕೆ ಹಾಕಿದ್ರು. ಗುರುವಾರ ಅಂದ್ರೆ ಜೂನ್ ಎರಡು. ಆವತ್ತು ನಾವೆಲ್ಲ ಬೀದೀಲಿ ಮೇಜು ಹಾಕ್ಕೊಂಡು ಕೇಕ್ ತಿಂತಿದ್ವಿ. ನಿಮ್ಮ ಕೌಂಟರಲ್ಲಿ ನೋಟಿಸು ಇಸ್ಕೊಂಡಿದ್ದು ಯಾರು, ದೆವ್ವಾನಾ?"

ಪಾರ್‌ಫಿಟ್ ಪುಸ್ತಕವನ್ನು ತನ್ನ ಕಡೆ ಎಳೆದುಕೊಳ್ಳಲು ನೋಡಿದ. ನದೀಮ್ ಅದರ ಮೇಲೆ ಕೈಯಿಟ್ಟ.

ಪುಸ್ತಕ, ಮೊಹರು ಜಪ್ತಿಯಾದವು. ಬಾಗಿಲಿನ ಕಳ್ಳರ ಅಲಾರಮ್ಮಿನ ದಾಖಲೆಯ ಪ್ರಕಾರ ಜೂನ್ 2ರಿಂದ 5ರವರೆಗೆ ಕಚೇರಿಯ ಬಾಗಿಲು ತೆರೆದೇ ಇರಲಿಲ್ಲ. ಮರುದಿನ ಕೌಂಟರಿನ ನೌಕರಳು ಪ್ಯಾಮ್ ಹೇಳಿಕೆ ಕೊಟ್ಟಳು: "ಸೋಮವಾರ ನಾನೇ ಇಸ್ಕೊಂಡೆ. ಮೆಟ್ಟಿಲು ಹತ್ತಿ ಏದುಸಿರು ಬಿಡ್ತಿದ್ರು, ಕೂರಿಸಿ ನೀರು ಕೊಟ್ಟೆ. ಲಕೋಟೆ ಕ್ಲೈವ್ ಮೇಜಿನ ಮೇಲಿಟ್ಟೆ. ಪುಸ್ತಕ ಅವರು ಯಾರಿಗೂ ಮುಟ್ಟೋಕೆ ಬಿಡಲ್ಲ, ರಜೆಯಿಂದ ಬಂದ ಮೇಲೆ ಅವರೇ ತುಂಬಿದ್ರು."

ಜೂನ್ 24, ಶುಕ್ರವಾರ ಬೆಳಿಗ್ಗೆ 8.05ಕ್ಕೆ ಪಾರ್‌ಫಿಟ್‌ನನ್ನು ಅವನ ಮನೆಯಲ್ಲಿ ಬಂಧಿಸಲಾಯಿತು. ಅದೂ ಸ್ಟ್ರಡ್‌ವಿಕ್‌ನದೇ ಇನ್ನೊಂದು ಕಟ್ಟಡದ ಗುತ್ತಿಗೆ ಫ್ಲ್ಯಾಟು.

"ಯಾಕೆ ಮಾಡಿದ್ರಿ?" ಹೆಲೆನ್ ಕೇಳಿದಳು.

"ನನ್ನ ಲೀಸು ಅರವತ್ತೆಂಟು ವರ್ಷಕ್ಕಿಳಿದಿದೆ. ಮಾರೋಕಾಗಲ್ಲ, ಮುಂದುವರಿಸೋಕೆ ಶಕ್ತಿ ಇಲ್ಲ. 'ಆ ನೋಟಿಸು ಒಂದೆರಡು ದಿನ ತಡವಾಗಿ ಬಂದಿದ್ರೆ ಚೆನ್ನಾಗಿತ್ತು ಕ್ಲೈವ್, ನಿನ್ನ ಲೀಸಿನ ವಿಷಯಾನೂ ನೋಡೋಣ' ಅಂದ್ರು ಸ್ಟ್ರಡ್‌ವಿಕ್."

ಅಂಥ ಮಾತೇ ಆಡಿಲ್ಲವೆಂದು ಸ್ಟ್ರಡ್‌ವಿಕ್ ವಕೀಲರ ಮೂಲಕ ತಿಳಿಸಿದ. ನೋಟಿಸು ಮೇ 30ಕ್ಕೇ ತಲುಪಿತ್ತೆಂದು ಅದೇ ಪತ್ರದಲ್ಲಿ ಒಪ್ಪಿಕೊಂಡ. ಅವನನ್ನು ಬಂಧಿಸಲು ಆಧಾರವಿರಲಿಲ್ಲ. ಹೆಲೆನ್ ಫೋನಿನಲ್ಲಿ ಇದನ್ನೆಲ್ಲ ಡೋರೀನ್‌ಗೆ ಹೇಳಿದಳು.

"ಲೆನ್ ಕೆಳಗಿಳೀತಾನೆ, ಅಷ್ಟು ಸಾಕು ನಂಗೆ. ಆದ್ರೆ ಆ ಮಾಲೀಕನ ಮೇಲೆ ಏನೂ ಇಲ್ವಾ?"

"ಅವನ ಕೈಬರಹ ಎಲ್ಲೂ ಇಲ್ಲ ಮೇಡಂ."

"ಹೇಗಿರತ್ತಮ್ಮ? ಬರೆಯೋಕೆ ಬೇರೆಯವರನ್ನ ಇಟ್ಕೊಂಡಿದಾನಲ್ಲ."

ಹೆಲೆನ್ ಫೋನಿಟ್ಟಳು. ವರದಿಯನ್ನು ಮುಗಿಸಿದಳು. ಬರಹದಲ್ಲಿ ತನ್ನಿ ಎಂದು ಹನ್ನೊಂದು ವರ್ಷ ಜನರನ್ನು ಕೌಂಟರಿನಿಂದ ವಾಪಸು ಕಳಿಸಿದ್ದ ಪಾರ್‌ಫಿಟ್, ತನ್ನ ಮನೆಯ ವಿಷಯದಲ್ಲಿ ಸ್ಟ್ರಡ್‌ವಿಕ್‌ನಿಂದ ಒಂದು ಸಾಲನ್ನೂ ಬರೆಸಿಕೊಂಡಿರಲಿಲ್ಲ.