ಅರ್ಧ ಕಡಲೆಯ ಮತ

ಭಾಗೀರಥಿ ನನ್ನ ಕೈಯಿಂದ ಚೀಲ ತೆಗೆದುಕೊಂಡು ತಕ್ಕಡಿಗೆ ಹಾಕಿದ್ದೇ ನಮ್ಮ ಮೊದಲ ಭೇಟಿ.

“ಜ್ವಾಳೇನ್ರಿ, ಗೋದೀನ್ರಿ?” ಗಿರಣಿಯ ಸದ್ದನ್ನು ಮೀರಿ ಕೂಗಿದಳು.

“ಸದಸ್ಯರ ಪಟ್ಟಿ ರೀ.”

“ಅದನ್ನ ಸಣ್ಣಗ ಬೀಸಲೋ, ದಪ್ಪಗ ಬೀಸಲೋ?”

ಆಮೇಲೆ ಚೀಲದೊಳಗಿನ ಪಕ್ಷದ ಮೊಹರು ಕಂಡು ನಾಲಿಗೆ ಕಚ್ಚಿಕೊಂಡು ಮೋಟಾರು ಬಂದ್ ಮಾಡಿದಳು. ಗಿರಣಿ ನಿಧಾನವಾಗಿ ನಿಂತಿತು. ಅವಳ ರೆಪ್ಪೆಗಳ ಮೇಲೆ ಹಿಟ್ಟು ಕೂತಿತ್ತು. ಆ ಮೌನದಲ್ಲಿ ಅವಳು ಒಮ್ಮೆ ಕಣ್ಣು ಮಿಟುಕಿಸಿದಾಗ ಒಂದು ಚೂರು ಹಿಟ್ಟು ಕೆನ್ನೆಗೆ ಇಳಿಯಿತು. ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ.

ಪಕ್ಷದ ಮುನವಳ್ಳಿ ಘಟಕದಲ್ಲಿ ಹನ್ನೆರಡು ವರ್ಷಗಳಿಂದ ಚುನಾವಣೆಯೇ ಆಗಿರಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಒಬ್ಬರು ನಿಜಗುಣಪ್ಪನವರ ಹೆಸರು ಸೂಚಿಸುವುದು, ಇನ್ನೊಬ್ಬರು ಅನುಮೋದಿಸುವುದು, ಉಳಿದವರು ಚಪ್ಪಾಳೆ ತಟ್ಟುವುದು. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಮಾತ್ರ ಗಿರಣಿಯ ಭಾಗೀರಥಿ ಸಭೆಯ ಹಿಂದಿನ ಸಾಲಿನಿಂದ ಎದ್ದು “ಅಧ್ಯಕ್ಷರ ಜಾಗಾಕ್ಕ ನಾನೂ ನಿಲ್ಲತೇನಿ” ಎಂದಿದ್ದಳು. ಚುನಾವಣಾಧಿಕಾರಿ ಬೇರೆ ತಾಲೂಕಿನವನೇ ಆಗಬೇಕೆಂಬುದು ಪಕ್ಷದ ನಿಯಮ. ಹಾಗಾಗಿ ಬೈಲಹೊಂಗಲದಿಂದ ನನ್ನನ್ನು ಕಳಿಸಿದರು. ಬಿ.ಎ. ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತವನು ನಾನು. ಹೆಚ್ಚು ಮಾತಾಡದವನು ಯಾರ ಕಡೆಗೂ ವಾಲುವುದಿಲ್ಲ ಎಂದು ಜಿಲ್ಲೆಯವರು ನಂಬಿದ್ದರು.

“ಕುಂದ್ರಿ, ಚಾ ತರಸ್ತೇನಿ,” ಎಂದಳು.

“ಬ್ಯಾಡ್ರಿ. ಅಭ್ಯರ್ಥಿಗಳ ಕಡೆ ಏನೂ ತಗೊಳ್ಳಂಗಿಲ್ಲ.”

“ನೀರರ?”

“ನೀರೂ.”

“ಅಯ್ಯ! ನಮ್ಮ ಬಾವಿ ನೀರಿನಾಗೂ ರಾಜಕೀಯ ಐತೇನ್ರಿ, ಅಮೋಘಸಿದ್ದಪ್ಪ ಸರ್?”

ನನ್ನ ಪೂರ್ತಿ ಹೆಸರನ್ನು ಅಷ್ಟು ನಿಧಾನವಾಗಿ ಯಾರೂ ಕರೆದಿರಲಿಲ್ಲ.

ಆ ತಿಂಗಳು ಮೂರು ಸಲ ಹೋದೆ. ಪಟ್ಟಿ ಪರಿಶೀಲನೆಗೆ, ನಾಮಪತ್ರಕ್ಕೆ, ಹಿಂತೆಗೆತಕ್ಕೆ. ಮೂರು ಸಲವೂ ಅವಳು ಚಾ ಬೇಕೇ ಎಂದು ಕೇಳಿದಳು, ನಾನು ಬೇಡವೆಂದೆ. ಕಾಯುತ್ತ ಕೂತಾಗ ನೋಡುತ್ತಿದ್ದೆ. ಕಡಲೆ ಬೀಸಲು ತಂದವರೆಲ್ಲ ಮೊದಲು ಒಂದು ಕಾಳು ಬಾಯಿಗೆ ಹಾಕಿ ಕಟಕ್ಕನೆ ಕಡಿಯುತ್ತಿದ್ದರು. ಒಣಗಿದೆಯೋ ಇಲ್ಲವೋ ನೋಡಲು. ಹಸಿ ಕಾಳು ಹಾಕಿದರೆ ಕಲ್ಲಿಗೆ ಹಿಟ್ಟು ಮೆತ್ತುತ್ತದಂತೆ.

“ಯಾಕ ನಿಂತೀರಿ ಚುನಾವಣೆಗೆ?” ಒಮ್ಮೆ ಕೇಳಿದೆ.

“ಇಲ್ಲಿ ಬೀಸಾಕ ಬರೋ ಹೆಂಗಸ್ರು ದಿನಾ ಎಷ್ಟು ಮಾತಾಡ್ತಾರ ಗೊತ್ತೇನ್ರಿ? ಅದರಾಗ ಒಂದ ಮಾತೂ ನಮ್ಮ ಮೀಟಿಂಗಿಗೆ ಮುಟ್ಟಿಲ್ಲ.” ಅಷ್ಟು ಹೇಳಿ ಮತ್ತೆ ಮೋಟಾರು ಚಾಲು ಮಾಡಿದಳು.

ಚುನಾವಣೆಯ ದಿನ ಮತಪತ್ರಗಳ ಕಟ್ಟು ಬಿಚ್ಚಿದರೆ ಅದರಲ್ಲಿದ್ದದ್ದು ಬೇರೆ ಊರಿನ ಅಭ್ಯರ್ಥಿಗಳ ಹೆಸರು. ಅರವತ್ತೊಂದು ಮಂದಿ ಸದಸ್ಯರು ಆಗಲೇ ಬಂದು ಕೂತಿದ್ದರು.

“ನಮ್ಮಪ್ಪನ ಕಾಲದಾಗ ಕಾಳು ಹಾಕಿ ಆರಸ್ತಿದ್ರು,” ಎಂದರು ನಿಜಗುಣಪ್ಪನವರು. “ನಂದು ಜ್ವಾಳ, ಆಕಿದು ಕಡ್ಲಿ. ಆತಿಲ್ಲೋ?”

ಇಬ್ಬರೂ ಒಪ್ಪಿದರು. ಪ್ರತಿಯೊಬ್ಬರಿಗೂ ಎರಡೂ ಕಾಳು ಕೊಡುವುದು. ಪರದೆಯ ಹಿಂದೆ ಹೋಗಿ ಬೇಕಾದದ್ದನ್ನು ಗಡಿಗೆಗೆ ಹಾಕುವುದು, ಬೇಡವಾದದ್ದನ್ನು ಕಿಟಕಿಯಾಚೆ ಗುಬ್ಬಿಗಳಿಗೆ ಎಸೆಯುವುದು. ನಾನು ನಿಯಮ ಬರೆಯುತ್ತಿದ್ದಾಗ ಭಾಗೀರಥಿ ಬಗ್ಗಿ ಹೇಳಿದಳು.

“ಒಡದ ಕಾಳು ಲೆಕ್ಕಕ್ಕಿಲ್ಲ ಅಂತನೂ ಬರೀರಿ ಸರ್. ಕಡ್ಲಿ ಒಡದ್ರ ಎರಡು ಬ್ಯಾಳಿ ಆಗ್ತಾವ. ನಾಳೆ ನನ್ನ ಕಡೆಯವರು ಒಂದ ಓಟಿಗೆ ಎರಡು ಹಾಕಿದ್ರು ಅನ್ನೂದು ಬ್ಯಾಡ.”

ಬರೆದೆ. ಇಬ್ಬರೂ ಸಹಿ ಹಾಕಿದರು.

ಮಧ್ಯಾಹ್ನದವರೆಗೆ ಎಲ್ಲರೂ ಒಬ್ಬೊಬ್ಬರಾಗಿ ಹೋಗಿಬಂದರು. ಬಾನುಬಿ ಎಂಬ ಮುದುಕಿ ಪರದೆಯಿಂದ ಹೊರಬಂದಾಗ ಅವಳ ದವಡೆ ಆಡುತ್ತಿತ್ತು. ನಾನು ನೋಡಿದೆ. ಅದರ ಅರ್ಥ ನನಗೆ ಹೊಳೆದದ್ದು ಗಡಿಗೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದ ಮೇಲೆ.

ಜೋಳ ಮೂವತ್ತು. ಇಡೀ ಕಡಲೆ ಮೂವತ್ತು. ಮತ್ತೆ ಅರ್ಧ ಕಡಲೆ, ಒಂದೇ ಒಂದು. ಅಂಚಿನಲ್ಲಿ ಹಲ್ಲಿನ ಗುರುತು.

ಮುದುಕಿ ಗಿರಣಿಯ ರೂಢಿಯಂತೆ ಕಾಳು ಕಡಿದು ನೋಡಿದ್ದಳು. ಅರ್ಧ ಬಾಯಲ್ಲಿ ಉಳಿದಿತ್ತು, ಇನ್ನರ್ಧ ಗಡಿಗೆಗೆ ಬಿದ್ದಿತ್ತು.

ಭಾಗೀರಥಿ ಆ ಚೂರನ್ನು ನೋಡಿದಳು. ಯಾರ ಹಲ್ಲು ಹೇಗಿದೆ ಎಂದು ಅವಳಿಗಿಂತ ಚೆನ್ನಾಗಿ ಆ ಊರಲ್ಲಿ ಯಾರಿಗೆ ಗೊತ್ತು? ಅವಳ ಕಣ್ಣು ಒಂದು ಕ್ಷಣ ಅಲುಗಿತು, ಅಷ್ಟೇ. ಬಾನುಬಿ ಕೂತ ಕಡೆಗೆ ತಿರುಗಲಿಲ್ಲ.

“ಒಡದ ಕಾಳು ಲೆಕ್ಕಕ್ಕಿಲ್ಲ, ಬರದಿಟ್ಟೀರಿ,” ಎಂದರು ನಿಜಗುಣಪ್ಪನವರು. ಆಮೇಲೆ ನಕ್ಕು, “ನಾ ಏನ್ ಕಟುಕ ಅಲ್ರಿ. ಹಾಕಿದವರು ಎದ್ದ ನಿಂತು, ನಂದ ಅದು ಅನ್ನಲಿ. ಮತ್ತೊಂದು ಕಾಳು ಹಾಕಲಿ. ನಾ ಒಪ್ಪತೇನಿ,” ಎಂದು ಸಭೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಿಟ್ಟಿಸಿದರು.

ಬಾನುಬಿಯ ಮಗ ಫರ್ದೀನ ನಿಜಗುಣಪ್ಪನವರದೇ ಟ್ರ್ಯಾಕ್ಟರ್ ಓಡಿಸುತ್ತಿದ್ದ.

ಮುದುಕಿ ನೆಲಕ್ಕೆ ಕೈ ಊರಿದಳು. ಏಳಲು ಹೊರಟಿದ್ದಳು.

“ಬ್ಯಾಡ್ರಿ.” ಭಾಗೀರಥಿಯ ದನಿ ಗಟ್ಟಿಯಾಗಿತ್ತು. “ಯಾರೂ ಏಳೂದು ಬ್ಯಾಡ. ಆ ಮಾತು ಬರಸಿದಾಕಿ ನಾನ. ಒಡದ ಕಾಳು ಲೆಕ್ಕಕ್ಕಿಲ್ಲ.”

ಎಲ್ಲರೂ ನನ್ನನ್ನು ನೋಡಿದರು. ಆ ಅರ್ಧ ಕಾಳು ನನ್ನ ಅಂಗೈಯಲ್ಲಿತ್ತು. ಅವಳನ್ನು ಗೆಲ್ಲಿಸಬೇಕೆಂದು ನನ್ನ ಇಡೀ ಜೀವ ಬೇಡುತ್ತಿತ್ತು. ಹಾಗೆ ಬೇಡುತ್ತಿದ್ದುದರಿಂದಲೇ ನನ್ನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಕಾಗದದ ಮೇಲಿನ ಅವಳ ಸಹಿಯನ್ನೇ ಮತ್ತೊಮ್ಮೆ ಓದಿದೆ.

“ಸಮ ಸಮ,” ಎಂದೆ. “ಚೀಟಿ ಎತ್ತಬೇಕು.”

ಹಿರಿಯರಾದ ಭರಮಪ್ಪನವರ ಕಣ್ಣಿಗೆ ಹೆಗಲ ಮೇಲಿನ ವಲ್ಲಿ ಕಟ್ಟಿ ಎರಡು ಮಡಚಿದ ಚೀಟಿಗಳನ್ನು ಮುಂದಿಟ್ಟೆವು. ಅವರು ಎತ್ತಿದ್ದು ನಿಜಗುಣಪ್ಪನವರ ಹೆಸರು.

ಭಾಗೀರಥಿ ಮೊದಲು ಎದ್ದು ಚಪ್ಪಾಳೆ ತಟ್ಟಿದಳು. ಅವಳ ಚಪ್ಪಾಳೆಗೆ ಹಿಟ್ಟಿನ ಸಣ್ಣ ಧೂಳು ಎದ್ದಿತು.

ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಕಾಲುಗಳು ತಾವಾಗಿಯೇ ನನ್ನನ್ನು ಗಿರಣಿಗೆ ಒಯ್ದವು. ಅವಳು ಒಬ್ಬಳೇ ಕಲ್ಲಿಗೆ ಒರಗಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

“ಹಿಟ್ಟು ಬಿದ್ದೈತಿ ಕಣ್ಣಾಗ,” ಎಂದಳು.

“ಗಿರಣಿ ಬಂದ್ ಐತಲ್ರಿ.”

“ಇಷ್ಟೆಲ್ಲಾ ಕಾಣತೈತಿ ನಿಮಗ.” ಮೂಗು ಒರೆಸಿಕೊಂಡು ನಕ್ಕಳು.

“ಬಾನುಬಿ ಹೊರಗ ಬರೂಮುಂದ ಬಾಯಿ ಆಡಸ್ತಿದ್ಲು,” ಎಂದೆ. “ಅದೂ ಕಂಡಿತ್ತು.”

ಅವಳು ಒಮ್ಮೆಲೇ ತಲೆ ಎತ್ತಿದಳು. “ಗೊತ್ತಿದ್ದೂ ಸುಮ್ಮನಿದ್ರಿ?”

“ನೀವೂ ಸುಮ್ಮನಿದ್ರಿ.”

“ನಾ ಗೆದ್ದು ಮುದುಕಿ ಮನಿ ಒಲಿ ಆರಿದ್ರ ಏನ್ ಬಂತ್ರಿ?” ತಲೆ ತಗ್ಗಿಸಿದಳು. “ಹನ್ನೆರಡು ವರ್ಷಕ್ಕ ಒಮ್ಮಿ ಮೂವತ್ತು ಮಂದಿ ಹೆದರದೆ ನನ್ನ ಕಾಳು ಹಾಕ್ಯಾರ. ಮೂವತ್ತೂವರಿ ಅನ್ರಿ. ಇನ್ನೊಮ್ಮಿ ನಿಲ್ಲತೇನಿ.”

ನಾನು ಚೀಲ ಕೆಳಗಿಟ್ಟೆ. “ಭಾಗೀರಥಿ ಅವರ, ಮುಂದಿನ ಸಲ ನಾ ಅಧಿಕಾರಿ ಆಗಿ ಬರಂಗಿಲ್ಲ.”

“ಯಾಕ್ರಿ?”

“ನಾ ನಿಷ್ಪಕ್ಷಪಾತಿ ಅಲ್ಲ. ನೀವು ತಕ್ಕಡಿ ಮ್ಯಾಲ ನನ್ನ ಚೀಲ ಇಟ್ಟ ದಿನದಿಂದನೂ ಅಲ್ಲ.”

ಅವಳು ಎದ್ದು ಒಳಗೆ ಹೋದಳು. ಸ್ಟೋವಿನ ಸದ್ದು ಕೇಳಿತು. ಎರಡು ಕಪ್ ಚಾ ಹಿಡಿದು ಬಂದು ಒಂದನ್ನು ನನ್ನ ಮುಂದಿಟ್ಟಳು. ನಾಲ್ಕನೆಯ ಸಲ. ನಾನು ಕುಡಿದೆ. ಸಕ್ಕರೆ ಹಾಕಲು ಮರೆತಿದ್ದಳು, ನಾನು ಹೇಳಲಿಲ್ಲ.

ಕಪ್ಪು ಕೆಳಗಿಟ್ಟಾಗ ಅವಳು ನನ್ನ ಅಂಗೈ ಬಿಡಿಸಿ ಒಂದು ಕಡಲೆ ಇಟ್ಟಳು. ಇನ್ನೊಂದು ಕೈಯಲ್ಲಿ ಕಾಳು ಅಳೆಯುವ ಖಾಲಿ ಸೇರು ಹಿಡಿದಿದ್ದಳು.

“ಇಲ್ಲಿ ಪರದೆ ಇಲ್ಲ, ಒಬ್ಬಾಕಿನ ಅಭ್ಯರ್ಥಿ,” ಎಂದಳು. ಕಿವಿಯವರೆಗೂ ಕೆಂಪಾಗಿದ್ದಳು. “ಕಾಳು ಒಣಗೈತಿ. ಕಡದ ನೋಡಬ್ಯಾಡ್ರಿ.”

ಖಾಲಿ ಸೇರಿನಲ್ಲಿ ಒಂದು ಇಡೀ ಕಾಳು ಬಿದ್ದರೆ ಎಷ್ಟು ದೊಡ್ಡ ಸದ್ದಾಗುತ್ತದೆಂದು ನನಗೆ ಅಂದು ಗೊತ್ತಾಯಿತು.