ಒಂದೇ ಯಂತ್ರ

ಆಸ್ಪತ್ರೆಯಲ್ಲಿ ಶ್ವಾಸಕೋಶದ ಕೆಲಸ ತಾನೇ ಮಾಡುವ ಎಕ್ಮೋ ಯಂತ್ರ ಇದ್ದದ್ದು ಒಂದೇ. ಅದನ್ನು ಬೀರೇಶನ ಹಾಸಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿಯೂ ಆಗಿತ್ತು. ಅಣ್ಣ ತಮ್ಮ ಇಬ್ಬರಿಗೂ ಅದೇ ವೈರಸ್ ಜ್ವರ, ಇಬ್ಬರ ಶ್ವಾಸಕೋಶವೂ ಕೈಕೊಡುತ್ತಿತ್ತು. ಹೆಚ್ಚು ಕೆಟ್ಟಿದ್ದು ತಮ್ಮನದು. ಅಷ್ಟರಲ್ಲಿ ಅಣ್ಣ ಜಯಕುಮಾರ ಮಲಗಿದ್ದಲ್ಲಿಂದಲೇ ಯಾರೋ ದೊಡ್ಡವರಿಗೆ ಫೋನ್ ಮಾಡಿದ. ಯಂತ್ರ ಅವನ ಹಾಸಿಗೆಗೆ ಹೊರಳಿತು. ಬೀರೇಶ ಮಾರನೆಯ ದಿನ ತೀರಿಕೊಂಡ.

ಬೀರೇಶನ ಹೆಂಡತಿ ಚೈತ್ರ ಅಳಲಿಲ್ಲ. ತಮ್ಮ ಹಳ್ಳಿ ಮಧುರೆಯಲ್ಲಿ ಗಂಡನನ್ನು ಮಣ್ಣು ಮಾಡಿ, ತಿಥಿಯ ಊಟ ಬಡಿಸಿ, ದೇವನಹಳ್ಳಿ ರಸ್ತೆಯ ಅದೇ ಆಸ್ಪತ್ರೆಗೆ ವಾಪಸ್ ಬಂದಳು, ಭಾವನನ್ನು ನೋಡಿಕೊಳ್ಳಲು. ಭಾವನ ಹೆಂಡತಿಗೆ ರಕ್ತ ಹರಿಯುವ ಆ ಕೊಳವೆಗಳನ್ನು ಕಂಡರೆ ತಲೆ ಸುತ್ತು ಬರುತ್ತಿತ್ತು.

"ಕಟ್ಕೊಂಡೋನು ಹೋದ್ರೂ ನನ್ನ ಇನ್ನೊಬ್ಬ ಮಗನ್ನ ಕಾಯ್ತಾ ಕೂತಿದೀಯ. ಯಾವ ಜಲ್ಮದ ಪುಣ್ಯಾನೋ, ತಾಯಿ," ಎಂದು ಅತ್ತೆ ಮುತ್ಯಾಲಮ್ಮ ಅವಳ ಕೈ ಹಿಡಿದುಕೊಂಡರು.

"ಇರ್ಲಿ ಬಿಡಿ, ಅತ್ತೆ."

ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನರ್ಸ್ ಅವಳಿಗೆ ಅಕ್ಕರೆಯಿಂದಲೇ ವಿವರಿಸಿದ್ದಳು. ತೊಡೆಯಿಂದ ಕಪ್ಪು ರಕ್ತ ಹೊರಗೆ ಬರುತ್ತದೆ. ಕೃತಕ ಶ್ವಾಸಕೋಶವೆಂಬ ಪುಟ್ಟ ಪೆಟ್ಟಿಗೆಯಲ್ಲಿ ಆಕ್ಸಿಜನ್ ಹೀರಿ, ಕೆಂಪಾಗಿ ಕುತ್ತಿಗೆಯೊಳಕ್ಕೆ ಹೋಗುತ್ತದೆ. ಚೈತ್ರ ಅದನ್ನೇ ನೋಡುತ್ತ ಕೂತಳು. ರಕ್ತದ ಕೊಳವೆ ಕಿತ್ತರೆ ಕೋಣೆಯೆಲ್ಲ ರಕ್ತವಾಗುತ್ತದೆ, ಯಂತ್ರ ಕೂಗಿಕೊಳ್ಳುತ್ತದೆ. ಆದರೆ ಪೆಟ್ಟಿಗೆಗೆ ಆಕ್ಸಿಜನ್ ತರುವ ಸಣ್ಣ ಪೈಪು ಬರೀ ಒತ್ತಿ ಸಿಕ್ಕಿಸಿದ್ದು. ಅದು ಜಾರಿದರೆ ಪಂಪು ತಿರುಗುತ್ತಲೇ ಇರುತ್ತದೆ, ಕಪ್ಪು ರಕ್ತ ಕಪ್ಪಾಗಿಯೇ ಒಳಗೆ ಹೋಗುತ್ತದೆ. ಮಾನಿಟರ್ ಬಡಿದುಕೊಳ್ಳಬಹುದು, ಬಡಿದುಕೊಳ್ಳಲಿ. ಬೀರೇಶನ ಮಾನಿಟರ್ ಎಷ್ಟು ಹೊತ್ತು ಬಡಿದುಕೊಂಡರೂ ಯಾರೂ ಬರದೇ ಇದ್ದದ್ದನ್ನು ಅವಳು ಕಂಡಿದ್ದಳು. ಪಾಳಿ ಬದಲಾಗುವ ಮಧ್ಯಾಹ್ನವಾದರೆ ಇನ್ನೂ ಒಳ್ಳೆಯದು. ಹೊದಿಕೆ ಸರಿಮಾಡುವಾಗ ಜಾರಿರಬೇಕು ಎನ್ನುತ್ತಾರೆ. ಗಂಡನ ತಿಥಿ ಮುಗಿಸಿ ಸೇವೆಗೆ ಬಂದವಳ ಮೇಲೆ ಯಾರು ಅನುಮಾನ ಪಡುತ್ತಾರೆ?

ಆ ಮಧ್ಯಾಹ್ನ ಅವಳು ಹಸಿರು ಗೌನು ತೊಟ್ಟು ಒಳಗೆ ಹೋದಳು. ನರ್ಸ್‌ಗಳು ದೂರದ ಮೇಜಿನ ಸುತ್ತ ನಿಂತಿದ್ದರು. ಹೊದಿಕೆ ಸರಿಮಾಡುವಂತೆ ಬಗ್ಗಿ ಪೈಪು ಎಳೆದಳು. ಸಲೀಸಾಗಿ ಬಂತು. ಎಳೆದ ಮೇಲೆ ಕೊಳವೆಗಳ ಕಡೆ ನೋಡಿದಳು: ಎರಡೂ ಒಂದೇ ಕಪ್ಪು. ಸಮಾಧಾನವಾಗುತ್ತದೇನೋ ಎಂದು ಒಂದು ಗಳಿಗೆ ಕಾದಳು. ಆಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಅತ್ತೆ ಕಿತ್ತಳೆ ಸುಲಿದು ಕೊಟ್ಟರು. ತಿಂದಳು. ರುಚಿ ಗೊತ್ತಾಗಲಿಲ್ಲ.

"ಇಬ್ರೂ ಒಳಗ್ ಬನ್ನಿ, ಡಾಕ್ಟ್ರು ಕರೀತಿದಾರೆ," ಎಂದಳು ನರ್ಸ್.

ಚೈತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದಳು.

ಡಾಕ್ಟರು ನಗುತ್ತಿದ್ದರು. "ಇನ್ ಭಯ ಇಲ್ಲ ಅಜ್ಜಿ. ಯಂತ್ರದ ಆಕ್ಸಿಜನ್ ಬೆಳಗ್ಗೇನೇ ಬಂದ್ ಮಾಡಿ ನೋಡ್ತಾ ಇದೀವಿ. ಅವ್ರ ಶ್ವಾಸಕೋಶಾನೇ ಈಗ ಕೆಲ್ಸ ಮಾಡ್ತಿದೆ. ಮಂಪರಿನ ಔಷಧೀನೂ ನಿಲ್ಸಿದ್ವಿ, ಬೆಳಗ್ಗೆಯಿಂದ ಪೂರ್ತಿ ಎಚ್ಚರ ಇದಾರೆ." ಮುತ್ಯಾಲಮ್ಮ ಮಗನ ಹತ್ತಿರ ಓಡಿದರು. ಚೈತ್ರ ನಿಂತಲ್ಲೇ ನಿಂತಳು. ಇಷ್ಟು ದಿನವೂ ಅವಳು ನೋಡಿದ್ದು ಕೊಳವೆ, ಪೆಟ್ಟಿಗೆ, ಪೈಪು. ಭಾವನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಪೈಪು ಎಳೆಯುವಾಗಲೂ. ಈಗ ನೋಡಿದಳು. ಗಂಟಲಿಗೆ ನಳಿಗೆ ಹಾಕಿದ್ದರಿಂದ ಜಯಕುಮಾರನಿಗೆ ಮಾತು ಬರುತ್ತಿರಲಿಲ್ಲ, ಆದರೆ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಅವನ ಕೈ ನಿಧಾನವಾಗಿ ಎದ್ದು ಜೋತಾಡುತ್ತಿದ್ದ ಪೈಪನ್ನು ತೋರಿಸಿ, ಆಮೇಲೆ ಅವಳ ಕಡೆ ತಿರುಗಿತು.